ಮನೆಯಲ್ಲೇ ಮಾಡಿದ ಗಡ್ಡದ ಬಾಮ್ ರವೆ ರವೆ ಆಗಿದೆ, ಎಲ್ಲಿ ಎಡವಿದೆ ಹೇಳಿ

ಶಿರಸಿ ಮಾಣಿ:
ಗಡ್ಡ ಬಿಟ್ಟು ಎರಡು ವರ್ಷ ಆಯಿತು. ಈಗ ಮೂರು ಬೆರಳು ಉದ್ದ ಇದೆ. ಬೈಕಲ್ಲಿ ಆಫೀಸಿಗೆ ಹೋಗಿ ಹೆಲ್ಮೆಟ್ ತೆಗೆದರೆ ಒಂದು ಕಡೆ ಕೂದಲು ಆಕಾಶ ನೋಡುತ್ತಿರುತ್ತದೆ, ಇನ್ನೊಂದು ಕಡೆ ಕೆನ್ನೆಗೆ ಅಂಟಿರುತ್ತದೆ. ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ, ಆದರೆ ಕೂರಿಸಿದ ಕಡೆ ಕೂರಲ್ಲ. ಒಂದು ಸಲ ಅಂಗಡಿಯಿಂದ ಬಾಮ್ ತಂದೆ. ಡಬ್ಬಿ ನೋಡಿದರೆ ಇಷ್ಟೇ ಇಷ್ಟು, ಬೆಲೆ ಮಾತ್ರ ಗಾಣದ ಎಣ್ಣೆ ಒಂದು ಲೀಟರಿಗಿಂತ ಜಾಸ್ತಿ. ತಿರುಗಿಸಿ ಓದಿದರೆ ಜೇನುಮೇಣ, ಶಿಯಾ ಬಟರ್ (ಆಫ್ರಿಕಾದ ಒಂದು ಮರದ ಬೀಜದ ಗಟ್ಟಿ ಜಿಡ್ಡು), ಬಾದಾಮಿ ಎಣ್ಣೆ, ವಾಸನೆಗೆ ಏನೋ ಒಂದಿಷ್ಟು. ಅಷ್ಟೇನಾ ಅಂದುಕೊಂಡೆ.

ಜೇನುಮೇಣ ನಮ್ಮೂರಲ್ಲಿ ಸಿಗುತ್ತದೆ. ಬಟರ್ ಬದಲು ಮುರುಗಲ ತುಪ್ಪ ಇದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮುರುಗಲು ಅಂದರೆ ಕರಾವಳಿಯವರು ಪುನರ್ಪುಳಿ ಅನ್ನುವ ಹಣ್ಣು. ಸಿಪ್ಪೆ ಪಾನಕಕ್ಕೆ, ಸಾರಿಗೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತುಪ್ಪ ತೇಲುತ್ತದೆ. ಆರಿದ ಮೇಲೆ ಉಂಡೆ ಕಟ್ಟಿ ಇಡುತ್ತಾರೆ, ಮೇಣದಬತ್ತಿಯಷ್ಟು ಗಟ್ಟಿ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಅಜ್ಜಿ ಅದನ್ನು ದೀಪಕ್ಕೆ ಹಿಡಿದು ಕರಗಿಸಿ ಬಿರುಕಿಗೆ ತುಂಬುತ್ತಿದ್ದರು. ನಾನು ಗಡ್ಡಕ್ಕೆ ಅಂದಾಗ "ಕಾಲಿಗೆ ಹಚ್ಚೋದನ್ನ ಮೋರೆಗೆ ಹಚ್ಕತ್ಯನಾ" ಅಂತ ನಕ್ಕರು.

ಮೊದಲ ಸಲ 50 ಗ್ರಾಂ ಮಾಡಿದೆ. ಜೇನುಮೇಣ 10 ಗ್ರಾಂ, ಮುರುಗಲ ತುಪ್ಪ 12, ಬಾದಾಮಿ ಎಣ್ಣೆ 18, ಹರಳೆಣ್ಣೆ 5, ಕೊಬ್ಬರಿ ಎಣ್ಣೆ 5. ಎಲ್ಲಾ ತೂಕ ಹಾಕಿಯೇ, ಚಮಚದ ಲೆಕ್ಕ ಇಲ್ಲ. ಬಾಣಲೆಯಲ್ಲಿ ನೀರು ಕುದಿಸಿ, ಅದರೊಳಗೆ ಸ್ಟೀಲ್ ಲೋಟ ಇಟ್ಟು ಕರಗಿಸಿದೆ. ಇಳಿಸಿದ ಮೇಲೆ 10 ಹನಿ ಲಾವಂಚದ ಎಣ್ಣೆ. ಡಬ್ಬಿಗೆ ಹೊಯ್ದೆ. ಎಷ್ಟು ಚೆನ್ನಾಗಿ ಬಂತು ಅಂದರೆ ತಮ್ಮ ಅರ್ಧ ಕದ್ದ.

ಎರಡನೇ ಸಲ ಮುರುಗಲ ತುಪ್ಪ ಖಾಲಿ. ಶಿಯಾ ಬಟರ್ ತರಿಸಿ ಅದೇ ತೂಕ, ಅದೇ ಕ್ರಮದಲ್ಲಿ ಮಾಡಿದೆ. ಮರುದಿನ ಬೆರಳಿಟ್ಟರೆ ರವೆ! ಗಡ್ಡದ ತುಂಬ ಬಿಳಿ ಬಿಳಿ ಕಾಳು. ಮೀಟಿಂಗಲ್ಲಿ ಪಕ್ಕದವನು "ಇಡ್ಲಿ ತಿಂದ್ಯಾ" ಅಂದ.

ಇನ್ನೊಂದು ವಿಷಯ. ಮೇಣ ಕರಗಿಸಿದ ಲೋಟಕ್ಕೆ ಬಿಸಿನೀರು ಹಾಕಿ ಸಿಂಕಿಗೆ ಸುರಿದೆ. ಆ ನೀರು ಪೈಪಲ್ಲಿ ಹೋಗ್ತಾ ತಣ್ಣಗಾಗಿ, ಮೇಣ ಒಳಗೇ ಗಟ್ಟಿಯಾಗಿ ಕೂತಿತು. ಎರಡು ದಿನ ಪಾತ್ರೆಗಳನ್ನೆಲ್ಲ ಬಚ್ಚಲಲ್ಲಿ ತೊಳೆದೆವು. ಹೆಂಡತಿ ಇನ್ನೂ ಪೂರ್ತಿ ಮಾತಾಡುತ್ತಿಲ್ಲ. ಆ ಲೋಟವನ್ನು ಈಗ ಬೇರೆ ಇಟ್ಟಿದ್ದೇನೆ, ಬಿಸಿ ಇರುವಾಗಲೇ ಹಳೇ ಪೇಪರಲ್ಲಿ ಒರೆಸಿಬಿಡುತ್ತೇನೆ.

ರವೆ ಯಾಕಾಯಿತು? ಬಿಸಾಡಬೇಕಾ?

ಸಾಬೂನು ಅಕ್ಕ:
ಬಿಸಾಡಬೇಡಿ. ಏನೂ ಕೆಟ್ಟಿಲ್ಲ.

ಮನೆಯಲ್ಲಿ ಬೆಣ್ಣೆ ಕಾಯಿಸಿದಾಗ ತುಪ್ಪ ಹರಳು ಹರಳಾಗಿ ಬರಲಿ ಅಂತ ಏನು ಮಾಡುತ್ತೀರಿ? ಅಲುಗಿಸದೆ ನಿಧಾನವಾಗಿ ಆರಲು ಬಿಡುತ್ತೀರಿ ಅಲ್ವಾ. ಶಿಯಾದಲ್ಲೂ ಅದೇ ಆಗಿದ್ದು. ಅದರಲ್ಲಿ ಬೇಗ ಗಟ್ಟಿಯಾಗುವ ಜಿಡ್ಡೂ ಇದೆ, ನಿಧಾನವಾಗಿ ಗಟ್ಟಿಯಾಗುವ ಜಿಡ್ಡೂ ಇದೆ. ಅಡುಗೆಮನೆ ಕಟ್ಟೆ ಮೇಲೆ ತನ್ನಷ್ಟಕ್ಕೆ ಆರಿದರೆ ಮೊದಲನೆಯದು ಬೇರೆಯಾಗಿ ಕಾಳು ಕಟ್ಟುತ್ತದೆ. ತುಪ್ಪದಲ್ಲಿ ಅದು ಬೇಕು, ಬಾಮಲ್ಲಿ ಬೇಡ, ಅಷ್ಟೇ ವ್ಯತ್ಯಾಸ.

ಈಗ ಮಾಡಬೇಕಾದ್ದು: ಡಬ್ಬಿಯಿಂದ ತೆಗೆದು ಮತ್ತೆ ಪೂರ್ತಿ ಕರಗಿಸಿ. ಒಂದು ಕಾಳೂ ಉಳಿಯಬಾರದು, ಉಳಿದರೆ ಅದರ ಸುತ್ತ ಮತ್ತೆ ಕಟ್ಟುತ್ತದೆ. ಇಳಿಸಿ, ಲೋಟವನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ತಿರುಗಿಸುತ್ತಾ ಇರಿ. ಅಂಚಲ್ಲಿ ಮಬ್ಬಾಗಲು ಶುರುವಾದ ತಕ್ಷಣ ಡಬ್ಬಿಗೆ ಹೊಯ್ದು ನೇರ ಫ್ರಿಜ್ಜಿಗೆ. ಅರ್ಧ ಗಂಟೆ ಸಾಕು. ಲೋಟದೊಳಗೆ ನೀರಿನ ಹನಿ ಬೀಳದ ಹಾಗೆ ನೋಡಿಕೊಳ್ಳಿ.

ಇನ್ನೊಂದು ತಪ್ಪು ನಿಮ್ಮ ಕ್ರಮದಲ್ಲೇ ಇದೆ. ಎಲ್ಲಾ ಒಟ್ಟಿಗೆ ಹಾಕಿದ್ದೀರಿ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ಶಿಯಾಕ್ಕೆ ಅಷ್ಟು ಬೇಡ, ಮೈಬಿಸಿಗೇ ಮೆತ್ತಗಾಗುವ ವಸ್ತು ಅದು. ಮೊದಲು ಮೇಣ ಮತ್ತು ಎಣ್ಣೆ, ಅವು ಕರಗಿದ ಮೇಲೆ ಒಲೆ ಆರಿಸಿ ಆ ಬಿಸಿಯಲ್ಲೇ ಬಟರ್ ಹಾಕಿ.

ಮುರುಗಲ ತುಪ್ಪ ನನಗೂ ಅಚ್ಚುಮೆಚ್ಚು. ಅದು 40 ಡಿಗ್ರಿ ಹತ್ತಿರ ಕರಗುತ್ತದೆ, ಶಿಯಾಗಿಂತ ಗಟ್ಟಿ, ಕೈಗೆ ಜಿಡ್ಡೂ ಅಷ್ಟಾಗಿ ಅಂಟಲ್ಲ. ಹಾಗಾಗಿ ಅದರ ಜಾಗಕ್ಕೆ ಶಿಯಾ ಹಾಕುವಾಗ ಅದೇ ತೂಕ ಹಾಕಿದರೆ ಬಾಮ್ ಸ್ವಲ್ಪ ಮೆತ್ತಗಾಗುತ್ತದೆ. ಮೇಣ ಒಂದು ಗ್ರಾಂ ಜಾಸ್ತಿ ಮಾಡಿ.

ರಾಯಚೂರು ಬಿಸಿಲು:
ನಿಮಗೆ ರವೆ, ನಮಗೆ ಪಾಯಸ. ಇದೇ ತರದ ಅಳತೆಯಲ್ಲಿ ಕಳೆದ ಬೇಸಿಗೆಯಲ್ಲಿ ಮಾಡಿದೆ ರೀ. ಏಪ್ರಿಲ್‌ನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಹೊಲಕ್ಕೆ ಹೋಗಿ ಬಂದೆ. ಡಬ್ಬಿ ತೆಗೆದರೆ ಎಣ್ಣೆ, ಮುಚ್ಚಳದ ಸಂದಿಯಿಂದ ಸೋರಿ ಆರ್‌ಸಿ ಪುಸ್ತಕಕ್ಕೆಲ್ಲ ಎಣ್ಣೆ ಸ್ನಾನ. ನಮ್ಮ ಕಡೆ ನೆರಳಲ್ಲೇ 42 ಡಿಗ್ರಿ ಇರುತ್ತದೆ, ಗಾಡಿ ಡಿಕ್ಕಿಯಲ್ಲಿ ಇನ್ನೆಷ್ಟಿರಬೇಡ. ಬಿಸಿಲು ಸೀಮೆಗೆ ಬೇರೆ ಅಳತೆ ಇದೆಯಾ ಅಕ್ಕಾ?

ಸಾಬೂನು ಅಕ್ಕ:
ಇದೆ. 50 ಗ್ರಾಮಿಗೆ ಮೇಣ 13ರಿಂದ 14 ಗ್ರಾಂ ಮಾಡಿ, ಮುರುಗಲ ತುಪ್ಪ 12 ಇರಲಿ, ಉಳಿದದ್ದು ಎಣ್ಣೆ. ಕೊಬ್ಬರಿ ಎಣ್ಣೆ ಬಿಡಿ. ಅದು 25 ಡಿಗ್ರಿ ಹತ್ತಿರವೇ ನೀರಾಗುತ್ತದೆ, ನಿಮ್ಮೂರಲ್ಲಿ ಗಟ್ಟಿಯಾಗುವ ಮಾತೇ ಇಲ್ಲ. ಆದರೂ ಡಿಕ್ಕಿಯಲ್ಲಿಡಬೇಡಿ ಮಾರಾಯ್ರೆ!

ನನ್ನ ಅಳತೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮೇಣ ಮೇಣಕ್ಕೂ ವ್ಯತ್ಯಾಸ ಇರುತ್ತದೆ. ಪಾಕ ನೋಡುತ್ತೀರಲ್ಲ, ಹಾಗೆ ಇದನ್ನೂ ನೋಡಬೇಕು. ಕರಗಿದ್ದನ್ನು ಒಂದು ಚಮಚದಲ್ಲಿ ತೆಗೆದು ಐದು ನಿಮಿಷ ಫ್ರಿಜ್ಜಲ್ಲಿಡಿ. ಹೊರಗೆ ತೆಗೆದು, ಫ್ರಿಜ್ಜಿನ ತಂಪು ಹೋದ ಮೇಲೆ ಹೆಬ್ಬೆರಳಿನ ಉಗುರಿಂದ ಕೆರೆಯಿರಿ. ಉಗುರಿನ ಕೆಳಗೆ ಸುರುಳಿಯಾಗಿ ಬಂದರೆ ಸರಿ. ಪುಡಿಯಾದರೆ ಮೇಣ ಜಾಸ್ತಿ, ಎಣ್ಣೆ ಸೇರಿಸಿ. ಬೆರಳು ಸೀದಾ ಒಳಗೆ ಹೋದರೆ ಮೇಣ ಸೇರಿಸಿ. ಡಬ್ಬಿಗೆ ಹೊಯ್ಯುವ ಮೊದಲೇ ಇದು ಗೊತ್ತಾದರೆ ಮತ್ತೆ ಕರಗಿಸುವ ಕೆಲಸ ಇಲ್ಲ.

ಹಿಮದೂರು:
ನಾನಿರುವುದು ಕೆನಡಾದ ಕ್ಯಾಲ್ಗರಿ. ನನ್ನದು ರಾಯಚೂರಿನವರಿಗೆ ಪೂರ್ತಿ ಉಲ್ಟಾ ಕಷ್ಟ. ಜನವರಿಯಲ್ಲಿ ಹೊರಗೆ ಮೈನಸ್ 20. ಕಾರಲ್ಲಿ ಮರೆತ ಬಾಮ್ ಡಬ್ಬಿಯನ್ನು ಎಸೆದು ನಾಯಿ ಓಡಿಸಬಹುದು. ನಾನು 50 ಗ್ರಾಮಿಗೆ ಮೇಣ 7 ಗ್ರಾಮಿಗೆ ಇಳಿಸಿದ್ದೇನೆ, ಶಿಯಾ 12, ಉಳಿದದ್ದೆಲ್ಲ ಎಣ್ಣೆ. ಮನೆಯೊಳಗೆ ಹೀಟರ್ ಗಾಳಿಗೆ ಚರ್ಮ ಒಣಗಿ ಗಡ್ಡದೊಳಗೆ ನವೆ ಬರುತ್ತದೆ, ಅದಕ್ಕೆ ಶಿಯಾ ಒಳ್ಳೆಯದು.

ಒಂದು ಮಾತು. ಸ್ನಾನ ಆದ ಮೇಲೆ ಒದ್ದೆ ಗಡ್ಡಕ್ಕೆ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಲ್ಲಿ ಸರಿ. ಇಲ್ಲಿ ಹಾಗೆ ಹಚ್ಚಿ ಹೊರಗೆ ಹೋದರೆ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಗಡ್ಡ ಕಡ್ಡಿ. ಮೊದಲ ಚಳಿಗಾಲದಲ್ಲಿ ಗಾಬರಿಯಾಗಿ ಮುರಿದೇ ಹೋಗುತ್ತದೇನೋ ಅಂತ ಮುಟ್ಟಿರಲಿಲ್ಲ. ಪೂರ್ತಿ ಒಣಗಿಸಿ ಹಚ್ಚಿ.

ಆಮೇಲೆ ಆ ಮುರುಗಲ ತುಪ್ಪ. ಇಲ್ಲಿ ಕೋಕಂ ಬಟರ್ ಅಂತ ಮಾರುತ್ತಾರೆ ಅಂತ ಇವತ್ತೇ ಗೊತ್ತಾಗಿದ್ದು! ನಮ್ಮಮ್ಮ ಸೂಟ್‌ಕೇಸಲ್ಲಿ ಹಾಕಿ ಕಳಿಸಿದ್ದ ಉಂಡೆಯನ್ನು ಹಳೇ ಸೋಪು ಅಂದುಕೊಂಡು ಎಸೆದಿದ್ದೆ.

ಮೀಸೆ ಮಾವ:
ಏನ್ರಪ್ಪಾ ಇದು, ಗಡ್ಡಕ್ಕೆ ಇಷ್ಟು ಲ್ಯಾಬೊರೇಟರಿ? ನಾವೆಲ್ಲ ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿ ಕೈಯಲ್ಲಿ ಉಳಿದದ್ದನ್ನು ಮೀಸೆಗೆ ಒರೆಸಿಕೊಂಡು ಹೋದವರು. 61 ವರ್ಷ, ಒಂದು ಕೂದಲು ಉದುರಿಲ್ಲ.

ಶಿರಸಿ ಮಾಣಿ:
ಮಾವ, ಕೊಬ್ಬರಿ ಎಣ್ಣೆ ಬೇಡ ಅಂತ ಯಾರು ಹೇಳಿದರು. ಕೂದಲೊಳಗೆ ಇಳಿಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಅದು ಕೂದಲನ್ನು ಹಿಡಿದು ನಿಲ್ಲಿಸಲ್ಲ. ಆ ಕೆಲಸ ಮೇಣದ್ದು. ನಿಮ್ಮ ಫೋಟೋದಲ್ಲಿ ಮೀಸೆಯ ತುದಿ ಹುರಿಗೊಳಿಸಿದ ಹಾಗೆ ಮೇಲೆ ನಿಂತಿದೆಯಲ್ಲ, ಅದು ಬರೀ ಕೊಬ್ಬರಿ ಎಣ್ಣೆಗೆ ನಿಂತಿದ್ದಾ?

ಮೀಸೆ ಮಾವ:
ಸಿಕ್ಕಿಬಿದ್ದೆ. ಇಲ್ಲ ಕಣಪ್ಪ. ಮನೆಯಲ್ಲಿ ಒಂದು ಜೇನುಮೇಣದ ಬಿಲ್ಲೆ ಇರುತ್ತೆ. ಹಬ್ಬ, ಮದುವೆ ಅಂದ್ರೆ ಅದರ ಮೇಲೆ ಎರಡು ಹನಿ ಹರಳೆಣ್ಣೆ ಬಿಟ್ಟು ಹೆಬ್ಬೆರಳಿಂದ ತಿಕ್ಕಿ, ಆ ಬಿಸಿಗೆ ಮೆತ್ತಗಾದದ್ದನ್ನು ಮೀಸೆ ತುದಿಗೆ ಹಾಕಿ ತಿರುವುತ್ತೀನಿ. ನಮ್ಮಪ್ಪ ಹೇಳಿಕೊಟ್ಟಿದ್ದು. ಒಲೆ ಇಲ್ಲ, ಫ್ರಿಜ್ ಇಲ್ಲ, ಸಿಂಕೂ ಕಟ್ಟಲ್ಲ.

ಸಾಬೂನು ಅಕ್ಕ:
ಅಂದರೆ ಈ ಚರ್ಚೆಯಲ್ಲಿ ಎಲ್ಲರಿಗಿಂತ ಮೊದಲು ಬಾಮ್ ಮಾಡಿದವರು ಮಾವನೇ.

ಕುರುಚಲು:
ನನ್ನ ಕೆನ್ನೆ ಮೇಲೆ ಅಲ್ಲೊಂದು ಇಲ್ಲೊಂದು. ಹರಳೆಣ್ಣೆ ಜಾಸ್ತಿ ಹಾಕಿದರೆ ದಟ್ಟ ಬರುತ್ತಾ? ಮತ್ತೆ ಲವಂಗದ ಎಣ್ಣೆ ರಕ್ತಸಂಚಾರ ಹೆಚ್ಚಿಸುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿ 30 ಗ್ರಾಂ ಬಾಮಿಗೆ 20 ಹನಿ ಹಾಕಿದೆ. ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ದವಡೆ ಪೂರ್ತಿ ಕೆಂಪು, ಮುಟ್ಟಿದರೆ ಉರಿ. ನೈಸರ್ಗಿಕ ಅಂದರೆ ಏನೂ ಆಗಲ್ಲ ಅಂದುಕೊಂಡಿದ್ದೆ.

ಔಷಧಿ ಅಂಗಡಿ:
ಹಾವಿನ ವಿಷವೂ ನೈಸರ್ಗಿಕವೇ ತಮ್ಮಾ. ಮೊದಲು ಅದನ್ನು ಹಚ್ಚುವುದು ನಿಲ್ಲಿಸು. ಉರಿ, ಊತ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸು, ಅಂಗಡಿಯಲ್ಲಿ ಕೇಳಿ ಯಾವುದೋ ಸ್ಟೀರಾಯ್ಡ್ ಕ್ರೀಮ್ ತಗೊಂಡು ಹಚ್ಚಬೇಡ. ಇದನ್ನು ಅಂಗಡಿ ನಡೆಸುವವನೇ ಹೇಳುತ್ತಿದ್ದೇನೆ.

ಲವಂಗದ ಎಣ್ಣೆಯಲ್ಲಿ ಹೆಚ್ಚುಪಾಲು ಯೂಜಿನಾಲ್. ಹಲ್ಲುನೋವಿಗೆ ಇಟ್ಟರೆ ಮರಗಟ್ಟಿಸುವುದು ಅದೇ. ಚರ್ಮಕ್ಕೆ ಹಚ್ಚುವುದರಲ್ಲಿ ಅದು ನೂರು ಗ್ರಾಮಿಗೆ ಅರ್ಧ ಗ್ರಾಂ ದಾಟಬಾರದು. ನಿನ್ನ 20 ಹನಿ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್, ನೂರಕ್ಕೆ ಮೂರರ ಮೇಲೆ ಹೋಯಿತು. ದಾಲ್ಚಿನ್ನಿ ಎಣ್ಣೆಯೂ ಇದೇ ಜಾತಿ, ಅದರ ಗೊಡವೆಯೇ ಬೇಡ. ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಮುಖಕ್ಕೆ ಹಚ್ಚುವುದು, ಇಡೀ ದಿನ ಮೂಗಿನ ಕೆಳಗೇ ಇರುವುದು. ಎಲ್ಲಾ ಸುಗಂಧ ಸೇರಿ ನೂರಕ್ಕೆ ಒಂದು ಸಾಕು. 50 ಗ್ರಾಮಿಗೆ 10 ಹನಿ, ಶಿರಸಿಯವರು ಹಾಕಿದ್ದು ಸರಿಯಾಗಿದೆ. ಹೊಸದು ಏನೇ ಮಾಡಿದರೂ ಮೊದಲು ಮೊಣಕೈ ಮಡಚುವ ಜಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ.

ಗಂಧದೆಣ್ಣೆ ಬಗ್ಗೆ ಯಾರೂ ಕೇಳಿಲ್ಲ, ಆದರೆ ಕೇಳೇ ಕೇಳುತ್ತೀರಿ. ಮಹಾರಾಜರ ಕಾಲದಿಂದ ಮೈಸೂರಲ್ಲಿ ತೆಗೆಯುತ್ತಿದ್ದಾರೆ, ಆದರೆ ಅಸಲಿಯ ಬೆಲೆ ಕೇಳಿದರೆ ಗಡ್ಡವೇ ಬೇಡ ಅನಿಸುತ್ತದೆ. ಅಗ್ಗದ ಬಾಟಲಿ ಮೇಲೆ ಗಂಧ ಅಂತ ಬರೆದಿದ್ದರೆ ಅದರೊಳಗೆ ಗಂಧ ಬಿಟ್ಟು ಬೇರೆಲ್ಲ ಇರುತ್ತದೆ. ಆ ದುಡ್ಡಿಗೆ ಒಳ್ಳೆ ಲಾವಂಚ ತಗೊಳ್ಳಿ.

ಇನ್ನು ದಟ್ಟ ಗಡ್ಡ. ಹರಳೆಣ್ಣೆಯಿಂದ ಹೊಸ ಕೂದಲು ಹುಟ್ಟಲ್ಲ. ಗಡ್ಡ ಎಲ್ಲಿ, ಎಷ್ಟು ಅನ್ನುವುದು ಹಾರ್ಮೋನು ಮತ್ತು ವಂಶದ ಲೆಕ್ಕ. ಇರುವ ಕೂದಲು ಎಣ್ಣೆಗೆ ಹೊಳೆದು ದಪ್ಪ ಕಾಣುತ್ತದೆ, ಅದನ್ನೇ ಬೆಳೆಯಿತು ಅಂತ ವಿಡಿಯೋ ಮಾಡುತ್ತಾರೆ. ವಯಸ್ಸು ಇಪ್ಪತ್ತರ ಆಸುಪಾಸಾದರೆ ಸುಮ್ನೆ ಕಾಯಿ, ಕೆಲವರಿಗೆ ಇಪ್ಪತ್ತೈದು ದಾಟಿದ ಮೇಲೂ ತುಂಬುತ್ತದೆ.

ಇನ್ನೊಂದು. ಗಡ್ಡದೊಳಗೆ ಹೊಟ್ಟು ಉದುರುತ್ತಿದ್ದರೆ ಅದನ್ನು ಒಣಚರ್ಮ ಅಂದುಕೊಂಡು ಬಾಮ್ ಮೇಲೆ ಬಾಮ್ ಹಚ್ಚಬೇಡಿ. ತಲೆಹೊಟ್ಟಿಗೆ ಕಾರಣವಾದ ಶಿಲೀಂಧ್ರವೇ ಇಲ್ಲೂ ಇರುತ್ತದೆ, ಅದು ಬದುಕುವುದೇ ಜಿಡ್ಡಿನ ಮೇಲೆ. ಎಣ್ಣೆ ಹಾಕಿದಷ್ಟೂ ಅದಕ್ಕೆ ಹಬ್ಬ. ಮೊದಲು ಡಾಕ್ಟರಿಗೆ ತೋರಿಸಿ ಕಡಿಮೆ ಮಾಡಿಕೊಳ್ಳಿ. ಮೊಡವೆ ಇರುವವರು ಕೊಬ್ಬರಿ ಎಣ್ಣೆ ಕಡಿಮೆ ಮಾಡಿ, ಅದು ಕೆಲವರ ಚರ್ಮದ ರಂಧ್ರ ಕಟ್ಟುತ್ತದೆ.

ಕುರುಚಲು:
ಸರಿ ಅಣ್ಣ. 22 ನನಗೆ. ಕಾಯ್ತೀನಿ.

ಜೇನು ಪೆಟ್ಟಿಗೆ:
ಮೇಣದ ಬಗ್ಗೆ ನಾನು ಬರೆಯಲೇಬೇಕು, ಇಪ್ಪತ್ತು ಪೆಟ್ಟಿಗೆ ಸಾಕಿದ್ದೇನೆ, ತುಡುವೆ ಜೇನು. ಎಲ್ಲರೂ ಮೇಣ ಅಗ್ಗಕ್ಕೆ ಬೇಕು ಅನ್ನುತ್ತಾರೆ. ಒಂದು ಕಿಲೋ ಮೇಣ ಕಟ್ಟಲು ಹುಳ ಆರೆಂಟು ಕಿಲೋ ಜೇನು ತಿನ್ನಬೇಕು ಅಂತ ನಮ್ಮಲ್ಲಿ ಲೆಕ್ಕ ಹೇಳುತ್ತಾರೆ. ಹಾಗಾಗಿ ನಾವು ಜೇನು ತೆಗೆಯುವಾಗ ಎರಿಯನ್ನು, ಅಂದರೆ ಹುಳ ಕಟ್ಟಿದ ಮೇಣದ ಹಲ್ಲೆಯನ್ನು, ಮುರಿಯುವುದೇ ಇಲ್ಲ. ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು ಎರಿ ವಾಪಸ್ ಪೆಟ್ಟಿಗೆಗೆ. ಸಿಗುವುದು ಜೇನು ತುಂಬಿದ ಕೋಣೆಗಳಿಗೆ ಹುಳ ಹಾಕಿದ ಮುಚ್ಚಳದ ಮೇಣ, ಹಳೇ ಕಪ್ಪು ಎರಿ, ಅಷ್ಟೇ. ಪೇಟೆಯಲ್ಲಿ ರಾಶಿ ರಾಶಿ ಅಗ್ಗದ ಮೇಣ ಕಂಡರೆ ಪ್ಯಾರಾಫಿನ್ (ಪೆಟ್ರೋಲಿಯಂನಿಂದ ತೆಗೆಯುವ ಮೇಣ) ಬೆರೆತಿದೆಯಾ ಅಂತ ಅನುಮಾನ ಪಡಿ. ಅಸಲಿಗೆ ಜೇನಿನ ವಾಸನೆ ಇರುತ್ತದೆ, ಅಂಗೈಯಲ್ಲಿ ಹಿಡಿದು ನಾದಿದರೆ ಮೆತ್ತಗಾಗಿ ಮಣಿಯುತ್ತದೆ. ಪ್ಯಾರಾಫಿನ್ ಜಾಸ್ತಿ ಇದ್ದರೆ ಜಾರುತ್ತದೆ, ವಾಸನೆಯೂ ಸಪ್ಪೆ.

ಹಳೇ ಮೇಣದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ ಬರುತ್ತದೆ. ಬೂಷ್ಟು ಅಂತ ಹೆದರಿ ವಾಪಸ್ ತಂದವರಿದ್ದಾರೆ. ಅದು ಬೂಷ್ಟು ಅಲ್ಲ, ಅಸಲಿ ಮೇಣಕ್ಕೇ ಬರುವುದು, ಸ್ವಲ್ಪ ಬಿಸಿ ತಾಗಿಸಿದರೆ ಮಾಯ.

ಊರಲ್ಲಿ ಹಸಿ ಎರಿ ಸಿಕ್ಕರೆ ಶುದ್ಧ ಮಾಡುವುದು ಹೀಗೆ. ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮೇಣ ಬಟ್ಟೆಯಿಂದ ಹೊರಬಂದು ತೇಲುತ್ತದೆ, ಕಸ ಗಂಟಲ್ಲೇ ಉಳಿಯುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಮೇಲೆ ಬಿಲ್ಲೆ ಕಟ್ಟಿರುತ್ತದೆ. ತಿರುಗಿಸಿ ಅಡಿಯ ಕಂದು ಪದರ ಚಾಕುವಿಂದ ಕೆರೆಯಿರಿ. ಒಣಗಿದ ಮೇಲೆಯೇ ಬಾಮಿಗೆ ಬಳಸಿ. ಮೇಣವನ್ನು ನೇರ ಬೆಂಕಿ ಮೇಲೆ ಯಾವತ್ತೂ ಇಡಬೇಡಿ, ಹೊತ್ತಿಕೊಂಡರೆ ಎಣ್ಣೆ ಹೊತ್ತಿಕೊಂಡ ಹಾಗೆ, ನೀರು ಹಾಕಿದರೆ ಇನ್ನೂ ಅಪಾಯ.

ದಾಸವಾಳ:
ನಮ್ಮ ಯಜಮಾನರಿಗೆ ಮಾಡಿಕೊಟ್ಟೆ. ಲೋಳೆಸರ ಒಳ್ಳೆಯದು ಅಂತ ಗಿಡದಿಂದ ತೆಗೆದು ಎರಡು ಚಮಚ ಹಾಕಿದೆ, ಒಂದು ಚಮಚ ಜೇನೂ ಹಾಕಿದೆ. ಜೇನು ಅಡಿಗೆ ಕೂತಿತು. ಹತ್ತು ದಿನಕ್ಕೆ ಮೇಲೆ ಹಸಿರು ಬೂಷ್ಟು. ವಿಟಮಿನ್ ಇ ಗುಳಿಗೆ ಒಡೆದು ಹಾಕಿದ್ದೆ, ಆದರೂ ಹೀಗಾಯಿತಲ್ಲ?

ಸಾಬೂನು ಅಕ್ಕ:
ಇದು ಬೂಷ್ಟೇ. ಎಣ್ಣೆ ಮೇಣದಲ್ಲಿ ನೀರಿಲ್ಲ, ಅದಕ್ಕೇ ಬೂಷ್ಟು ಬರಲ್ಲ. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ ಅಂತ ಬೈಸಿಕೊಂಡಿಲ್ವಾ? ಲೋಳೆಸರ ಅಂದರೆ ಮುಕ್ಕಾಲುಪಾಲಿಗಿಂತ ಹೆಚ್ಚು ನೀರೇ. ಜೇನೂ ಎಣ್ಣೆಯಲ್ಲಿ ಬೆರೆಯಲ್ಲ. ವಿಟಮಿನ್ ಇ ಎಣ್ಣೆ ಕಮಟು ಹಿಡಿಯುವುದನ್ನು ತಡ ಮಾಡುತ್ತದೆ, ಬೂಷ್ಟನ್ನು ತಡೆಯಲ್ಲ. ಅದನ್ನು ಎಸೆದುಬಿಡಿ.

ಸೊಪ್ಪಿನ ಗುಣ ಬೇಕೇ ಬೇಕು ಅಂದರೆ ತಲೆಗೆ ಎಣ್ಣೆ ಕಾಯಿಸುವ ಹಾಗೆ ಕಾಯಿಸಿ. ಗರುಗದ ಸೊಪ್ಪೋ ದಾಸವಾಳದ ಎಲೆಯೋ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಚರಪರ ಸದ್ದು ಪೂರ್ತಿ ನಿಂತು ಎಲೆ ಗರಿಗರಿ ಆದರೆ ನೀರು ಹೋಯಿತು ಅಂತ. ಸೋಸಿ, ಆ ಎಣ್ಣೆಯಲ್ಲಿ ಬಾಮ್ ಮಾಡಿ. ಬಿಳಿ ಅಂಗಿ ಕಾಲರಿಗೆ ಹಸಿರು ಹತ್ತಬಹುದು, ಅದಕ್ಕೆ ನಾನು ಜವಾಬ್ದಾರಳಲ್ಲ.

ರಾಯಚೂರು ಬಿಸಿಲು:
ನಮ್ಮ ಗೆಳೆಯರೆಲ್ಲ ಕೇಳುತ್ತಿದ್ದಾರೆ. ಡಬ್ಬಿಗೆ ಲೇಬಲ್ ಅಂಟಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರಬಹುದಾ?

ಔಷಧಿ ಅಂಗಡಿ:
ಗೆಳೆಯರಿಗೆ ಸುಮ್ಮನೆ ಕೊಡುವುದು ಬೇರೆ. ಮಾರುವುದಕ್ಕೆ ತಯಾರಿಸುತ್ತೀರಿ ಅಂದರೆ ಅದು ಕಾಸ್ಮೆಟಿಕ್, ಲೈಸೆನ್ಸ್ ಬೇಕು. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಇದೆ, ಅದರ ಕೆಳಗೆ 2020ರ ಕಾಸ್ಮೆಟಿಕ್ಸ್ ನಿಯಮಗಳಿವೆ. ರಾಜ್ಯದ ಲೈಸೆನ್ಸಿಂಗ್ ಅಧಿಕಾರಿಗೆ ಅರ್ಜಿ ಹಾಕಬೇಕು. ಇನ್‌ಸ್ಟಾಗ್ರಾಂನಲ್ಲಿ ಮಾರುವ ಎಷ್ಟೋ ಜನ ಮಾಡಿಸಿರಲ್ಲ ಅನ್ನುವುದು ಬೇರೆ ಮಾತು. ಲೇಬಲ್ ಮೇಲೆ ಗಡ್ಡ ಬೆಳೆಸುತ್ತದೆ ಅಂತ ಮಾತ್ರ ಬರೆಯಬೇಡಿ.

ಶಿರಸಿ ಮಾಣಿ:
ಭಾನುವಾರ ಮೂರನೇ ಸಲ ಕೂತೆ. ರವೆ ಆಗಿದ್ದನ್ನೇ ಅಕ್ಕ ಹೇಳಿದ ಹಾಗೆ ಪೂರ್ತಿ ಕರಗಿಸಿ, ಒಂದು ಗ್ರಾಂ ಮೇಣ ಸೇರಿಸಿ, ತಣ್ಣೀರಲ್ಲಿ ತಿರುಗಿಸಿದೆ. ಮೊದಲು ಚಹಾದ ತಿಳಿಯ ಹಾಗಿತ್ತು, ಆಮೇಲೆ ಲೋಟದ ಅಂಚಿಗೆ ತೆಳ್ಳಗೆ ಬಿಳಿ ಬಂತು, ತಕ್ಷಣ ಹೊಯ್ದು ಫ್ರಿಜ್ಜಿಗೆ ಇಟ್ಟೆ. ನಾಲ್ಕು ದಿನ ಆಯಿತು, ಒಂದು ಕಾಳಿಲ್ಲ. ಬೆಳಿಗ್ಗೆ ಕಡಲೆಕಾಳಿನಷ್ಟು ಉಗುರಲ್ಲಿ ಕೆರೆದು, ಅಂಗೈಯಲ್ಲಿ ತಿಕ್ಕಿ ಎಣ್ಣೆ ಆದ ಮೇಲೆ ಮೊದಲು ಚರ್ಮಕ್ಕೆ, ಆಮೇಲೆ ಕೂದಲಿಗೆ ಹಚ್ಚಿ ಮರದ ಬಾಚಣಿಗೆಯಲ್ಲಿ ಬಾಚುತ್ತೇನೆ. ಹೆಲ್ಮೆಟ್ ತೆಗೆದರೂ ಇಟ್ಟ ಕಡೆ ಇರುತ್ತದೆ.

ಊರಿಗೆ ಫೋನ್ ಮಾಡಿ ಇನ್ನೊಂದು ಉಂಡೆ ಮುರುಗಲ ತುಪ್ಪ ಕಳಿಸಿ ಅಂದೆ. ಈ ವರ್ಷದ ಹಣ್ಣು ಇನ್ನೂ ಬಂದಿಲ್ಲವಂತೆ, ಇರುವುದು ಅಜ್ಜಿಯ ಕಾಲಿಗೇ ಬೇಕಂತೆ. ಯಾರ ಮನೆಯಲ್ಲಾದರೂ ಹೆಚ್ಚಿಗೆ ಇದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.

ಮೀಸೆ ಮಾವ:
ಅದಿರಲಿ, ಹೆಂಡತಿ ಮಾತಾಡ್ತಿದ್ದಾಳಾ?

ಶಿರಸಿ ಮಾಣಿ:
ಉಳಿದ ಬಾಮನ್ನ ಅವಳ ಹಿಮ್ಮಡಿಗೆ ಅಂತ ಬೇರೆ ಡಬ್ಬಿಯಲ್ಲಿ ಹಾಕಿ ಕೊಟ್ಟೆ ಮಾವ. ಈಗ ಮಾತಾಡ್ತಿದ್ದಾಳೆ.